ಸಂತೆಯ ಕೋಳಿಯೂ ದುಡಿಯುವವರ ಆರೋಗ್ಯವೂ

ಹಕ್ಕಿ ಜ್ವರದ ಸುದ್ದಿ ಬಂದಾಗಲೆಲ್ಲ ನಮ್ಮ ಜನರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಕೋಳಿಯನ್ನೇ ಮುಟ್ಟಬೇಡಿ, ಸಂತೆಯನ್ನೇ ಮುಚ್ಚಿಸಿ ಎಂಬುದು ಒಂದು. ಅಜ್ಜನ ಕಾಲದಿಂದಲೂ ಕೋಳಿ ಸಾಯುತ್ತಲೇ ಇದೆ, ನಮಗೇನಾಯಿತು ಎಂಬುದು ಇನ್ನೊಂದು. ಮೊದಲನೆಯದು ಹೆದರಿಕೆಯಿಂದ ಹುಟ್ಟಿದ್ದು, ಎರಡನೆಯದು ಅಲಕ್ಷ್ಯದಿಂದ. ಯಾವ ಮಾತು ಗೆದ್ದರೂ ಪೆಟ್ಟು ಬೀಳುವುದು ಕೋಳಿಯ ಬುಟ್ಟಿಗೆ ಕೈ ಹಾಕಿ ದಿನದ ಕೂಲಿ ಸಂಪಾದಿಸುವವರಿಗೆ. ಸಂತೆ ಮುಚ್ಚಿದರೆ ಅವರ ಒಲೆ ಆರುತ್ತದೆ. ಅಲಕ್ಷ್ಯ ಮಾಡಿದರೆ ರೋಗ ಮೊದಲು ಅವರ ಮೈಗೇ ಹತ್ತುತ್ತದೆ. ಆದ್ದರಿಂದ ಈ ವಿಷಯವನ್ನು ದುಡಿಯುವವರ ಕಡೆಯಿಂದ ನೋಡಿ ನಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದಿದ್ದೇವೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳನ್ನು ಮುಂದಿಟ್ಟುಕೊಂಡು ಈ ಮಾತನ್ನಾಡುತ್ತೇವೆ. ಇವು ಇಂದು ತೆಲಂಗಾಣದಲ್ಲಿವೆ. ಆದರೆ 1956ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. ತಾಂಡೂರು ಗುಲ್ಬರ್ಗ ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗೆರೆ ಬದಲಾಯಿತು. ಆದರೆ ಜನರ ನಂಟಸ್ತಿಕೆ, ಮಾತು, ಕೊಡುಕೊಳ್ಳುವಿಕೆ ಆ ಗೆರೆಯನ್ನು ನೋಡಿ ನಿಲ್ಲಲಿಲ್ಲ. ಜಹೀರಾಬಾದಿನಿಂದ ಬೀದರಿಗೆ ಸುಮಾರು ಮೂವತ್ತು ಕಿಲೋಮೀಟರು. ತಾಂಡೂರಿನ ಪಕ್ಕದಲ್ಲೇ ಸೇಡಂ, ಚಿಂಚೋಳಿ ತಾಲೂಕುಗಳಿವೆ. ನಾರಾಯಣಖೇಡದ ಆಚೆಗೆ ಔರಾದ್ ತಾಲೂಕು, ಅದರಾಚೆಗೆ ಮಹಾರಾಷ್ಟ್ರ. ಮನುಷ್ಯರು ಹೋಗುವ ದಾರಿಯಲ್ಲಿ ಕೋಳಿಯೂ ಹೋಗುತ್ತದೆ. ಕೋಳಿ ಹೋದಲ್ಲಿಗೆ ಅದರ ರೋಗವೂ ಹೋಗುತ್ತದೆ.

ತೋಟದ ಲೈನುಮನೆಗಳಲ್ಲಿ ಇದನ್ನು ಓದುವ ಸಹೋದರ ಸಹೋದರಿಯರು, ಗಡಿನಾಡಿನ ಸಂತೆಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಲೈನುಮನೆಯ ಹಿತ್ತಿಲಿನಲ್ಲಿ ನಾಲ್ಕು ಕೋಳಿ ಸಾಕದ ಕುಟುಂಬ ಎಷ್ಟಿದೆ? ಆ ನಾಲ್ಕು ಕೋಳಿ ಎಲ್ಲಿಂದ ಬಂದವು? ಸಂತೆಯಿಂದ, ಇಲ್ಲವೆ ಊರಿಗೆ ಹೋದವರ ಚೀಲದಲ್ಲಿ. ನೀವು ನಾಟಿ ಕೋಳಿ ಎನ್ನುವುದನ್ನೇ ಗಡಿಯವರು ಜವಾರಿ ಕೋಳಿ ಎನ್ನುತ್ತಾರೆ. ಹೆಸರು ಬೇರೆಯಾದರೂ ಬುಟ್ಟಿ ಒಂದೇ. ಗಡಿಯ ಸಂತೆಯ ಬಗ್ಗೆ ನಾವು ಹೇಳುವುದು ನಿಮ್ಮ ಸಂತೆಗೂ ಸಲ್ಲುತ್ತದೆ.

ಮೊದಲು ರೋಗವನ್ನು ತಿಳಿಯೋಣ. ಹಕ್ಕಿ ಜ್ವರವು ಇನ್‌ಫ್ಲುಯೆಂಜಾ ಜಾತಿಯ ವೈರಾಣುವಿನಿಂದ ಬರುತ್ತದೆ. ಇದರಲ್ಲಿ ಹಲವು ಬಗೆಗಳಿವೆ. ಎಚ್‌5ಎನ್‌1 ಎಂಬುದು ಬಹಳ ಕ್ರೂರವಾದದ್ದು. ಕಾಡಿನ ಬಾತು ಮೊದಲಾದ ನೀರುಹಕ್ಕಿಗಳು ಇದನ್ನು ಹೊತ್ತು ತಿರುಗುತ್ತವೆ. ಎಷ್ಟೋ ಸಲ ಅವುಗಳಿಗೆ ರೋಗದ ಚಿಹ್ನೆಯೇ ಕಾಣುವುದಿಲ್ಲ. ಕೋಳಿಗೆ ತಗಲಿದರೆ ಮಾತ್ರ ಹಿಂಡು ಹಿಂಡೇ ಒಂದೆರಡು ದಿನದಲ್ಲಿ ಸಾಯುತ್ತದೆ. ಜುಟ್ಟು ನೀಲಿಗಟ್ಟುವುದು, ತಲೆ ಊದುವುದು, ಕಾಲಿನ ಮೇಲೆ ರಕ್ತದ ಕಲೆ, ಮೊಟ್ಟೆ ಥಟ್ಟನೆ ಕಡಿಮೆಯಾಗುವುದು, ಇವು ಗುರುತುಗಳು. ನಮ್ಮವರು ಇದನ್ನು ಕೊಕ್ಕರೆ ರೋಗವೆಂದು ತಿಳಿದು ಸುಮ್ಮನಾಗುವುದುಂಟು. ಎರಡೂ ನೋಡಲು ಒಂದೇ ಬಗೆ; ಪರೀಕ್ಷೆಯಿಲ್ಲದೆ ಯಾರೂ ಇದಮಿತ್ಥಂ ಎಂದು ಹೇಳಲಾರರು. ನಮ್ಮ ದೇಶದಲ್ಲಿ ಆ ಪರೀಕ್ಷೆಯ ಕೊನೆಯ ಮಾತು ಭೋಪಾಲದ ಪ್ರಯೋಗಾಲಯದ್ದು.

ವೈರಾಣುವು ಕೋಳಿಯ ಹಿಕ್ಕೆಯಲ್ಲಿ, ಜೊಲ್ಲಿನಲ್ಲಿ, ಮೂಗಿನ ನೀರಿನಲ್ಲಿ ಇರುತ್ತದೆ. ಬೇಸಿಗೆಯ ಬಿಸಿಯಲ್ಲಿ ಹಿಕ್ಕೆಯೊಳಗೆ ಕೆಲವೇ ದಿನ ಬದುಕಿದರೆ, ತಂಪಿನಲ್ಲಿ ಒಂದು ತಿಂಗಳಿಗೂ ಮೇಲ್ಪಟ್ಟು ಬದುಕಬಲ್ಲದು. ಚಳಿಗಾಲದಲ್ಲಿ ಇದರ ಹಾವಳಿ ಹೆಚ್ಚುವುದಕ್ಕೆ ಇದು ಒಂದು ಕಾರಣ. ವಲಸೆ ಹಕ್ಕಿಗಳು ಬರುವ ಕಾಲವೂ ಅದೇ ಎಂಬುದು ಇನ್ನೊಂದು. ನಾವು ಕ್ರಿಸ್‌ಮಸ್ ಹಬ್ಬಕ್ಕೆಂದು ಹೆಚ್ಚು ಕೋಳಿ ಕೊಳ್ಳುವುದೂ ಇದೇ ಕಾಲದಲ್ಲಿ ಎಂಬುದನ್ನು ನೆನಪಿಡಬೇಕು.

ಇದು ದೂರದ ಕಥೆಯಲ್ಲ. ಭಾರತದಲ್ಲಿ ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ. 2015ರ ಏಪ್ರಿಲಿನಲ್ಲಿ ಹೈದರಾಬಾದಿನ ಹೊರವಲಯದ ಹಯಾತ್‌ನಗರ ಮಂಡಲದಲ್ಲಿ ಕಾಣಿಸಿಕೊಂಡು ಒಂದು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಬೇಕಾಯಿತು. ಆಗ ಹಯಾತ್‌ನಗರವೂ ತಾಂಡೂರೂ ಒಂದೇ ರಂಗಾರೆಡ್ಡಿ ಜಿಲ್ಲೆಯಲ್ಲಿದ್ದವು. 2018ರ ಜನವರಿಯಲ್ಲಿ ಬೆಂಗಳೂರಿನ ದಾಸರಹಳ್ಳಿಯಲ್ಲಿ ಇದೇ ಕುಲದ ಎಚ್‌5ಎನ್‌8 ಬಂತು. ಅಲ್ಲಿ ಸುದ್ದಿ ಹೊರಟದ್ದು ದೊಡ್ಡ ಫಾರಮ್ಮಿನಿಂದಲ್ಲ, ಒಂದು ಕೋಳಿ ಅಂಗಡಿಯಿಂದ. ರೋಗದಿಂದ ಸತ್ತವು ಹತ್ತರೊಳಗೆ. ಕೊಲ್ಲಿಸಬೇಕಾದವು ಒಂಬೈನೂರಕ್ಕೂ ಹೆಚ್ಚು. 2020ರ ಮಾರ್ಚಿಯಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ವರದಹಳ್ಳಿ, ಬಳ್ಳಾರಿ ಜಿಲ್ಲೆಯ ಕುರೇಕುಪ್ಪ. ಅದೇ ಹೊತ್ತಿಗೆ ಗೋದಾವರಿ ಜಿಲ್ಲೆಗಳ ಫಾರಮ್ಮುಗಳಲ್ಲಿ ರೋಗ ಹರಡಿ, ಆಂಧ್ರದಿಂದ ಬರುವ ಕೋಳಿ ಲಾರಿಗಳನ್ನು ತೆಲಂಗಾಣ ಸರಕಾರ ಗಡಿಯಲ್ಲಿ ತಡೆಯಿತು.

ಮನುಷ್ಯರಿಗೆ ಇದು ಸುಲಭವಾಗಿ ಬರುವುದಿಲ್ಲ, ನಿಜ. ಆದರೆ ಬಂದರೆ ಬಿಡುವುದು ಕಷ್ಟ. 2003ರಿಂದ ಈಚೆಗೆ ಲೋಕದಲ್ಲೆಲ್ಲ ಎಚ್‌5ಎನ್‌1 ತಗಲಿದವರೆಂದು ಲೆಕ್ಕಕ್ಕೆ ಬಂದವರು ಒಂಬೈನೂರಕ್ಕೂ ಹೆಚ್ಚು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ತೀರಿಕೊಂಡರು. ನಮ್ಮ ದೇಶದಲ್ಲಿ 2021ರಲ್ಲಿ ಹರಿಯಾಣದ ಒಬ್ಬ ಬಾಲಕ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಸತ್ತನು. 2025ರ ಮಾರ್ಚಿಯಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಹೆಣ್ಣುಮಗು ಮಂಗಳಗಿರಿಯ ಏಮ್ಸ್‌ನಲ್ಲಿ ಸತ್ತಿತು. ಮಗು ಹಸಿ ಕೋಳಿಮಾಂಸದ ಚೂರನ್ನು ಬಾಯಿಗೆ ಹಾಕಿಕೊಂಡಿತ್ತೆಂದು ವರದಿಯಾಯಿತು. ಅದೇ ಮಾಂಸವನ್ನು ಬೇಯಿಸಿ ತಿಂದ ಮನೆಯವರಿಗೆ ಏನೂ ಆಗಲಿಲ್ಲ. ಈ ಒಂದು ಸಂಗತಿಯಲ್ಲಿ ನಾವು ಕಲಿಯಬೇಕಾದದ್ದು ಬಹಳವಿದೆ. ಬೆಂದ ಮಾಂಸದಲ್ಲಿ ಅಪಾಯವಿಲ್ಲ. ಎಪ್ಪತ್ತು ಡಿಗ್ರಿ ಶಾಖ ಮಾಂಸದ ಒಳಗಿನವರೆಗೆ ಮುಟ್ಟಿದರೆ ವೈರಾಣು ಸಾಯುತ್ತದೆ. ಅಪಾಯ ಇರುವುದು ಜೀವಂತ ಕೋಳಿಯಿಂದ ಬೇಯುವ ಪಾತ್ರೆಯವರೆಗಿನ ದಾರಿಯಲ್ಲಿ. ಆ ದಾರಿಯಲ್ಲಿ ನಿಂತಿರುವವರು ಕೋಳಿ ಹಿಡಿಯುವವರು, ಗೂಡು ಏರಿಸಿ ಇಳಿಸುವವರು, ಕೊಯ್ಯುವವರು, ಪುಕ್ಕ ತೆಗೆಯುವವರು, ಕಸ ಗುಡಿಸುವವರು, ಮನೆಯಲ್ಲಿ ಕೋಳಿ ಹಸನು ಮಾಡುವ ಹೆಂಗಸರು, ಅವರ ಸೆರಗು ಹಿಡಿದ ಮಕ್ಕಳು. ಕೊಂಡು ತಿನ್ನುವ ಸಾಹುಕಾರನಿಗಿಂತ ಮಾರುವ ಬಡವನಿಗೆ ಅಪಾಯ ಹೆಚ್ಚು.

ಸಂತೆ ಏಕೆ ಈ ರೋಗಕ್ಕೆ ಅನುಕೂಲವಾಗುತ್ತದೆ? ಹತ್ತು ಊರಿನ ಕೋಳಿ ಒಂದೇ ಕಡೆ ಸೇರುತ್ತದೆ. ಫಾರಂ ಕೋಳಿ, ಜವಾರಿ ಕೋಳಿ, ಬಾತು, ಗೌಜಲಹಕ್ಕಿ, ಎಲ್ಲವನ್ನೂ ಒಂದರ ಮೇಲೊಂದು ಗೂಡಿನಲ್ಲಿ ಪೇರಿಸಿಟ್ಟರೆ ಮೇಲಿನ ಹಿಕ್ಕೆ ಕೆಳಗಿನದರ ತಲೆಯ ಮೇಲೆ ಬೀಳುತ್ತದೆ. ಇಂದು ಮಾರಾಟವಾಗದೆ ಉಳಿದದ್ದು ರಾತ್ರಿ ಅಲ್ಲೇ ಕಳೆದು ನಾಳೆ ಬರುವ ಕೋಳಿಗೆ ರೋಗ ಹಂಚುತ್ತದೆ. ನಾಳೆಯದು ನಾಡಿದ್ದಿಗೆ. ಹೀಗೆ ಸಂತೆಯೊಳಗೆ ರೋಗ ಎಂದೂ ಆರದ ಕೆಂಡದಂತೆ ಉಳಿಯುತ್ತದೆ. ತೊಳೆಯದ ಖಾಲಿ ಗೂಡು ಫಾರಮ್ಮಿಗೆ ಹಿಂತಿರುಗುವಾಗ ಆ ಕೆಂಡವೂ ಜೊತೆಗೆ ಹೋಗುತ್ತದೆ.

ಇದನ್ನು ತಡೆಯಬಹುದೇ? ತಡೆಯಬಹುದೆಂದು ತೋರಿಸಿದವರಿದ್ದಾರೆ. 1997ರಲ್ಲಿ ಹಾಂಗ್‌ಕಾಂಗ್ ನಗರದಲ್ಲಿ ಹದಿನೆಂಟು ಮಂದಿಗೆ ಎಚ್‌5ಎನ್‌1 ತಗಲಿ ಆರು ಮಂದಿ ಸತ್ತರು. ಪರೀಕ್ಷಿಸಿ ನೋಡಿದಾಗ, ರೋಗ ಬಂದವರು ಕೋಳಿ ತಿಂದದ್ದಕ್ಕಿಂತ, ಅದಕ್ಕೆ ಹಿಂದಿನ ವಾರದಲ್ಲಿ ಜೀವಂತ ಕೋಳಿ ಮಾರುವ ಕಡೆಗೆ ಹೋಗಿದ್ದರೆಂಬುದೇ ಮುಖ್ಯವಾಗಿ ಕಂಡಿತು. ಆ ವರ್ಷದ ಕೊನೆಗೆ ನಗರದ ಕೋಳಿಗಳನ್ನೆಲ್ಲ, ಹದಿಮೂರು ಲಕ್ಷಕ್ಕೂ ಹೆಚ್ಚಿನದನ್ನು, ಕೊಂದರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಬಾತುಗಳನ್ನು ಕೋಳಿಯಿಂದ ಬೇರ್ಪಡಿಸಿದರು. ತೊಳೆಯಲಾಗದ ಮರದ ಗೂಡು ಬಿಟ್ಟು ತೊಳೆಯಬಹುದಾದ ಪ್ಲಾಸ್ಟಿಕ್ ಗೂಡು ತಂದರು. 2001ರಿಂದ ತಿಂಗಳಿಗೊಂದು ದಿನ ಎಲ್ಲ ಅಂಗಡಿಯೂ ಒಟ್ಟಿಗೆ ಖಾಲಿಯಾಗಿ, ತೊಳೆದು ಒಣಗಬೇಕೆಂಬ ನಿಯಮ ಮಾಡಿದರು. 2008ರಿಂದ ಜೀವಂತ ಕೋಳಿ ಅಂಗಡಿಯಲ್ಲಿ ರಾತ್ರಿ ಉಳಿಯಕೂಡದೆಂದರು. ಇದರಲ್ಲಿ ಯಂತ್ರವೂ ಇಲ್ಲ, ಮಂತ್ರವೂ ಇಲ್ಲ. ನೀರು, ಪೊರಕೆ, ಸುಣ್ಣ, ಬ್ಲೀಚಿಂಗ್ ಪುಡಿ, ಒಂದು ದಿನದ ಬಿಡುವು, ಇಷ್ಟೇ.

ಹಾಗಾದರೆ ಸಂತೆಯನ್ನು ಪೂರ್ತಿ ಮುಚ್ಚಿಬಿಡಬಾರದೇಕೆ? ರೋಗ ಮನುಷ್ಯರಲ್ಲಿ ಕಾಣಿಸಿದ ಊರಿನಲ್ಲಿ ಆ ಹೊತ್ತಿಗೆ ಮುಚ್ಚಲೇಬೇಕು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. 2013ರಲ್ಲಿ ಚೀನಾದ ಶಾಂಘೈ ಮೊದಲಾದ ನಗರಗಳಲ್ಲಿ ಎಚ್‌7ಎನ್‌9 ಎಂಬ ಇನ್ನೊಂದು ಹಕ್ಕಿ ಜ್ವರ ಬಂದಾಗ ಜೀವಂತ ಕೋಳಿ ಮಾರುಕಟ್ಟೆ ಮುಚ್ಚಿದ್ದರಿಂದ ಹೊಸ ರೋಗಿಗಳ ಸಂಖ್ಯೆ ನೂರಕ್ಕೆ ತೊಂಬತ್ತೇಳರಿಂದ ತೊಂಬತ್ತೊಂಬತ್ತರಷ್ಟು ಇಳಿಯಿತೆಂದು ಲೆಕ್ಕ ಹಾಕಿದ್ದಾರೆ. ಆದರೆ ಅದೇ ದೇಶದಲ್ಲಿ ಇನ್ನೊಂದೂ ನಡೆಯಿತು. ಒಂದು ಕಡೆ ಮುಚ್ಚಿದಾಗ ವ್ಯಾಪಾರಿಗಳು ಕೋಳಿಯನ್ನು ಮುಚ್ಚದ ಕಡೆಗೆ ಸಾಗಿಸಿದರು. ರೋಗ ಅಲ್ಲಿಗೂ ಹೋಯಿತು.

ನಮ್ಮ ಗಡಿನಾಡಿಗೆ ಈ ಮಾತು ಹೇಳಿ ಮಾಡಿಸಿದಂತಿದೆ. ಜಹೀರಾಬಾದಿನಲ್ಲಿ ಮಾತ್ರ ಮುಚ್ಚಿದರೆ ಆ ಕೋಳಿ ಬೀದರಿಗೆ ಬರುತ್ತದೆ. ಬೀದರಿನಲ್ಲಿ ಮುಚ್ಚಿದರೆ ಜಹೀರಾಬಾದಿಗೋ ನಾರಾಯಣಖೇಡಕ್ಕೋ ಹೋಗುತ್ತದೆ. ಸೇಡಮ್ಮಿನಲ್ಲಿ ತಡೆದರೆ ತಾಂಡೂರಿಗೆ. ಕಡಿಮೆ ಬೆಲೆಗೆ, ಕತ್ತಲೆಯ ಹೊತ್ತಿನಲ್ಲಿ, ಯಾರ ತಪಾಸಣೆಯೂ ಇಲ್ಲದೆ ಹೋಗುತ್ತದೆ. ಆದ್ದರಿಂದ ಸಂಗಾರೆಡ್ಡಿ, ವಿಕಾರಾಬಾದ್, ಬೀದರ್, ಕಲಬುರಗಿ ಈ ನಾಲ್ಕು ಜಿಲ್ಲೆಗಳ ಅಧಿಕಾರಿಗಳು ಕೂಡಿ ಕುಳಿತು ಒಂದೇ ದಿನ ಬಿಡುವು, ಒಂದೇ ದಿನ ತೊಳೆಯುವಿಕೆ, ಒಂದೇ ದಿನ ತಪಾಸಣೆ ಎಂದು ಗೊತ್ತುಮಾಡಬೇಕೆಂಬುದು ನಮ್ಮ ಮೊದಲ ಬೇಡಿಕೆ. ಎರಡು ಸರಕಾರ, ಎರಡು ಭಾಷೆ ಎಂಬುದು ಅಡ್ಡಿಯಾಗಬಾರದು. ಎಚ್ಚರಿಕೆಯ ಫಲಕಗಳು ತೆಲುಗು, ಕನ್ನಡ, ಉರ್ದು, ಮರಾಠಿ ನಾಲ್ಕರಲ್ಲೂ ಇರಲಿ. ಓದಲು ಬಾರದವರಿಗೆ ಸಂತೆಯಲ್ಲಿ ಡಂಗುರ ಸಾರಿಸಲಿ.

ಎರಡನೆಯ ಬೇಡಿಕೆ ಪುರಸಭೆಗಳಿಗೆ ಮತ್ತು ಪಂಚಾಯತಿಗಳಿಗೆ. ಸಂತೆಯ ಸುಂಕ ವಸೂಲಿ ಮಾಡುವವರು ಸಂತೆಗೆ ನೀರು ಕೊಡಬೇಕು. ಕೋಳಿ ಮಾರುವ ಕಡೆ ನಲ್ಲಿ, ಸಾಬೂನು, ಚರಂಡಿ, ಪುಕ್ಕ ಮತ್ತು ಕರುಳು ಹಾಕಲು ಮುಚ್ಚಳವಿರುವ ತೊಟ್ಟಿ ಇರಬೇಕು. ಸಿಮೆಂಟು ನೆಲವಿದ್ದರೆ ತೊಳೆಯಬಹುದು. ಮಣ್ಣಿನ ನೆಲವನ್ನು ತೊಳೆಯುವುದು ಹೇಗೆ? 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಸಾಕಿದ ಬೆಕ್ಕುಗಳಲ್ಲಿ ಈ ರೋಗ ಕಂಡಿತು. ಅಲ್ಲಿನ ಕೋಳಿ ಮಾರುಕಟ್ಟೆಯನ್ನು ಮುಚ್ಚಬೇಕಾಯಿತು. ಅಂಗಡಿಯ ಹಿಂದೆ ಎಸೆದ ಕರುಳನ್ನು ನಾಯಿ ಬೆಕ್ಕು ಎಳೆದಾಡುವುದನ್ನು ನಾವೆಲ್ಲ ನೋಡುತ್ತೇವೆ. ಇನ್ನು ಮುಂದೆ ಅದನ್ನು ಸಣ್ಣ ಮಾತೆಂದು ಬಿಡಲಾಗದು.

ಮೂರನೆಯ ಬೇಡಿಕೆಯೇ ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು. ರೋಗ ಖಚಿತವಾದರೆ ಆ ಜಾಗದ ಸುತ್ತ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನೆಲ್ಲ, ಮನೆಯ ಹಿತ್ತಿಲಿನದನ್ನೂ ಬಿಡದೆ, ಕೊಲ್ಲಿಸಬೇಕೆಂದು ಸರಕಾರದ ನಿಯಮವಿದೆ. ಹತ್ತು ಕಿಲೋಮೀಟರಿನವರೆಗೆ ಕಣ್ಗಾವಲು. ಹೀಗೆ ಕೊಲ್ಲಿಸಿದ ಕೋಳಿಗೆ ಕೇಂದ್ರವೂ ರಾಜ್ಯವೂ ಸೇರಿ ಪರಿಹಾರ ಕೊಡುತ್ತವೆ. ಆದರೆ ಅದಕ್ಕೆ ಮೊದಲೇ ರೋಗದಿಂದ ಸತ್ತ ಕೋಳಿಗೆ ಪರಿಹಾರವಿಲ್ಲ. ಇದರಿಂದ ಒಂದು ತಿಳಿವಳಿಕೆ ಬರಬೇಕು: ಬೇಗ ತಿಳಿಸಿದವನಿಗೆ ಲಾಭ, ಬಚ್ಚಿಟ್ಟವನಿಗೆ ನಷ್ಟ. ಆದರೆ ಹಣ ಕೈಗೆ ಬರುವುದು ಯಾವಾಗಲೋ ಎಂಬ ಭಯವಿದ್ದರೆ ಬಡ ಸಾಕಣೆದಾರ ಏನು ಮಾಡುತ್ತಾನೆ? ಎರಡು ಕೋಳಿ ಮುದುರಿ ಕುಳಿತದ್ದನ್ನು ಕಂಡ ಕೂಡಲೇ ಉಳಿದವನ್ನು ಸಂತೆಗೆ ಹೊರುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ರೋಗವನ್ನು ಮರೆಮಾಚಬಾರದೆಂದು 2009ರ ಕಾಯಿದೆ ಹೇಳುತ್ತದೆ, ಸರಿ. ಆದರೆ ಕಾಯಿದೆಯ ಜೊತೆಗೆ ಹಣವೂ ಬೇಗ ಬಂದರೆ ಮಾತ್ರ ಜನ ಬಾಯಿ ಬಿಡುತ್ತಾರೆ.

ಇನ್ನು ಕೋಳಿಯೇ ಇಲ್ಲದವನ ಗತಿ? ಪರಿಹಾರವನ್ನು ಕೋಳಿಯ ತಲೆ ಎಣಿಸಿ ಕೊಡುತ್ತಾರೆ. ಗೂಡು ಹೊತ್ತವನಿಗೆ, ಕೊಯ್ಯುವ ಹುಡುಗನಿಗೆ, ನೆಲ ತೊಳೆಯುವ ತಾಯಿಗೆ ಎಣಿಸಲು ತಲೆಯೇ ಇಲ್ಲ. ಸಂತೆ ಹದಿನೈದು ದಿನ ಮುಚ್ಚಿದರೆ ಅವರಿಗೆ ಹದಿನೈದು ದಿನ ಉಪವಾಸ. ರೋಗ ತಡೆಯುವುದು ಎಲ್ಲರ ಹಿತಕ್ಕಾಗಿ ಎಂದಾದರೆ ಅದರ ಖರ್ಚನ್ನು ಎಲ್ಲರಿಗಿಂತ ಬಡವರಾದವರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ತಿಂಗಳ ಬಿಡುವಿನ ದಿನಕ್ಕೆ ಕೂಲಿ ಕೊಡಬೇಕು. ಆ ದಿನ ಸಂತೆ ತೊಳೆಯುವ ಕೆಲಸವನ್ನೇ ಅವರಿಗೆ ಕೊಟ್ಟು ಪುರಸಭೆಯೇ ಕೂಲಿ ಕೊಡಲಿ. ರೋಗ ಬಂದು ಸಂತೆ ಮುಚ್ಚಿದ ದಿನಗಳಿಗೆ ಪಡಿತರವೂ ಜೀವನಭತ್ಯವೂ ಸಿಗಬೇಕು. ಕೋಳಿ ಕೊಲ್ಲುವ ಕೆಲಸಕ್ಕೆ ಕೂಲಿಯವರನ್ನು ಕರೆದರೆ ಮುಖಕವಚ, ಕೈಗವಸು, ಮೈಮೇಲಿನ ಉಡುಪು, ವೈದ್ಯರ ಕಣ್ಗಾವಲು ಇಲ್ಲದೆ ಒಬ್ಬರನ್ನೂ ಒಳಗೆ ಬಿಡಬಾರದು. ಇವಿಲ್ಲದೆ ಕರೆದರೆ ಬರುವುದಿಲ್ಲ ಎಂದು ಹೇಳುವ ಹಕ್ಕು ದುಡಿಯುವವನಿಗೆ ಉಂಟು. ಆ ಹಕ್ಕನ್ನು ಒಬ್ಬೊಬ್ಬರಾಗಿ ಹೇಳಿದರೆ ಕೇಳುವವರಿಲ್ಲ, ಕೂಡಿ ಹೇಳಬೇಕು.

ಬೇರೆಯವರ ಕರ್ತವ್ಯವನ್ನು ಹೇಳಿದ ಮೇಲೆ ನಮ್ಮದನ್ನೂ ಹೇಳಬೇಕು. ತೋಟದಲ್ಲಾಗಲಿ ಊರಿನಲ್ಲಾಗಲಿ ನಮ್ಮ ಕುಟುಂಬಗಳು ಈ ಕೆಲವು ನಿಯಮಗಳನ್ನು ಇಂದಿನಿಂದಲೇ ಪಾಲಿಸಬಹುದು. ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ವಾರ ಬೇರೆ ಗೂಡಿನಲ್ಲಿಟ್ಟು ನೋಡಿದ ಮೇಲೆ ಮಾತ್ರ ಮನೆಯ ಕೋಳಿಗಳೊಡನೆ ಸೇರಿಸಿರಿ. ಮನುಷ್ಯರು ಮಲಗುವ ಕೋಣೆಯಲ್ಲಿ ಕೋಳಿ ಮುಚ್ಚಬೇಡಿ; ಜಾಗ ಚಿಕ್ಕದೆಂಬುದು ನಮಗೆ ಗೊತ್ತು, ಆದರೂ ಹೊರಗೆ ಒಂದು ಗೂಡು ಕಟ್ಟಿಕೊಳ್ಳಿ. ಕೋಳಿ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಕೋಳಿ ಹಸನು ಮಾಡುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಹಸಿ ಮಾಂಸ ಕೊಯ್ದ ಈಳಿಗೆಯನ್ನೂ ಹಲಗೆಯನ್ನೂ ತೊಳೆಯದೆ ತರಕಾರಿಗೆ ಬಳಸಬೇಡಿ. ಕಾಯಿಲೆ ಬಿದ್ದ ಕೋಳಿಯನ್ನು, ಸಾಯುವುದಕ್ಕೆ ಮುಂಚೆ ತಿಂದುಬಿಡೋಣ ಎಂದು ಕೊಯ್ಯುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಬಡತನ ಕಲಿಸಿದ ಪದ್ಧತಿ ಅದು. ಆದರೂ ಅದನ್ನು ಬಿಡಬೇಕು, ಏಕೆಂದರೆ ತಿನ್ನುವ ಮೊದಲೇ ಕೊಯ್ಯುವ ಕೈಗೆ ರೋಗ ಹತ್ತುತ್ತದೆ. ಸತ್ತ ಕೋಳಿಯನ್ನು ಹಳ್ಳಕ್ಕೆ, ಕೆರೆಗೆ, ಬೇಲಿಯಾಚೆಗೆ ಎಸೆಯಬೇಡಿ. ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ ಅವನ್ನು ಬರಿಗೈಯಿಂದ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿರಿ. ತೋಟವಾದರೆ ಮೇಸ್ತ್ರಿಗೂ ರೈಟರಿಗೂ ತಿಳಿಸಿರಿ. ವೈದ್ಯರು ಬಂದು ನೋಡುವವರೆಗೆ ಆ ಮನೆಯ ಕೋಳಿಯೊಂದೂ ಸಂತೆಗೆ ಹೋಗಕೂಡದು.

ಕೋಳಿಯ ಕೆಲಸ ಮಾಡಿದವರಿಗೆ ಜ್ವರ, ಕೆಮ್ಮು, ಉಸಿರುಕಟ್ಟು, ಕಣ್ಣು ಕೆಂಪಾಗುವುದು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಹೋದಲ್ಲಿ, ನಾನು ಕೋಳಿ ಮುಟ್ಟುವವನು, ನಮ್ಮಲ್ಲಿ ಕೋಳಿ ಸತ್ತಿದೆ ಎಂದು ಮೊದಲೇ ಹೇಳಬೇಕು. ಹೇಳದಿದ್ದರೆ ವೈದ್ಯರು ಬರಿಯ ನೆಗಡಿ ಜ್ವರವೆಂದು ತಿಳಿದಾರು. ಒಸೆಲ್ಟಾಮಿವಿರ್ ಎಂಬ ಔಷಧಿಯುಂಟು. ಅದು ಜ್ವರ ಹಿಡಿದ ಎರಡು ದಿನದೊಳಗೆ ಆರಂಭಿಸಿದರೆ ಹೆಚ್ಚು ಗುಣ ಕೊಡುತ್ತದೆ. ಕೆಲಸ ಹೋದೀತೆಂದು ಬಾಯಿ ಮುಚ್ಚಿಕೊಂಡವನು ಆ ಎರಡು ದಿನವನ್ನು ಕಳೆದುಕೊಳ್ಳುತ್ತಾನೆ. ಹೇಳಿದವನನ್ನು ಕೆಲಸದಿಂದ ತೆಗೆಯದಂತೆ ನೋಡಿಕೊಳ್ಳುವುದು ಅವನ ಜೊತೆಯಲ್ಲಿ ದುಡಿಯುವ ನಮ್ಮೆಲ್ಲರ ಹೊಣೆ.

ಈ ವೈರಾಣು ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡುವುದನ್ನು ಈವರೆಗೆ ಕಲಿತಿಲ್ಲ. ಎಂದಾದರೂ ಕಲಿತರೆ ಅದು ಬಡವರ ಕಾಯಿಲೆಯಾಗಿ ಉಳಿಯದು. 2020ರಲ್ಲಿ ಕೊರೋನಾ ಹರಡಿದಾಗ ರಸ್ತೆಯಲ್ಲಿ ನಡೆದು ಊರು ಸೇರಿದವರು ಯಾರೆಂಬುದನ್ನು ನಮ್ಮ ಕುಟುಂಬಗಳು ಮರೆತಿಲ್ಲ. ಕೋಳಿ ಹಿಡಿಯುವ ಕೈಯನ್ನು ಕಾಪಾಡಿದರೆ ಊರನ್ನೇ ಕಾಪಾಡಿದ ಹಾಗೆ. ಮುಂದಿನ ಚಳಿಗಾಲದೊಳಗೆ ನಿಮ್ಮ ನಿಮ್ಮ ಸಂತೆಯಲ್ಲಿ ಕೋಳಿ ಮಾರುವ ಜಾಗಕ್ಕೆ ನೀರು ಬಂದಿದೆಯೇ, ಬಿಡುವಿನ ದಿನ ಗೊತ್ತಾಗಿದೆಯೇ, ಆ ದಿನದ ಕೂಲಿ ಗೊತ್ತಾಗಿದೆಯೇ ಎಂದು ಕೇಳಿರಿ. ನಾಲ್ಕು ಮಂದಿ ಕೂಡಿ ಅರ್ಜಿ ಬರೆದು ಪುರಸಭೆಗೆ ಕೊಡಿರಿ. ಉತ್ತರ ಬರದಿದ್ದರೆ ನಲವತ್ತು ಮಂದಿ ಕೂಡಿ ಇನ್ನೊಮ್ಮೆ ಹೋಗಿರಿ.